ಸಾಕುನಾಯಿಗೆ ಗೂಡು ಅವಶ್ಯವೇ?

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಗಳಲ್ಲಿ ನಾಯಿಯಿಲ್ಲದ ತೋಟದ ಮನೆಯನ್ನು ಕಾಣುವುದು ಅಪರೂಪ. ತೆಂಗಿನ ತೋಟಕ್ಕೂ, ಕುರಿಯ ಮಂದೆಗೂ, ಕಾಫಿಯ ಕಣಕ್ಕೂ, ದನದ ಕೊಟ್ಟಿಗೆಗೂ ರಾತ್ರಿಯ ಕಾವಲು ಬಹುಮಟ್ಟಿಗೆ ನಾಯಿಯದೇ ಆಗಿದೆ. ಹೀಗಿದ್ದರೂ ಎತ್ತಿಗೆ ಕೊಟ್ಟಿಗೆಯನ್ನೂ, ಕುರಿಗೆ ಹಟ್ಟಿಯನ್ನೂ, ಕೋಳಿಗೆ ಗೂಡನ್ನೂ ಕಟ್ಟಿಸುವ ಯಜಮಾನರು ನಾಯಿಗೆ ಮಾತ್ರ ಜಗಲಿಯ ಮೂಲೆಯನ್ನೋ ಮೂರು ಮೊಳದ ಸರಪಳಿಯನ್ನೋ ಕೊಟ್ಟು ಸುಮ್ಮನಾಗುವುದುಂಟು. ಇನ್ನು ಕೆಲವರು ಪಟ್ಟಣದಿಂದ ತಂತಿಯ ಪಂಜರವನ್ನು ಕೊಂಡುತಂದು, ಬೆಳಗಿನಿಂದ ಸಂಜೆಯವರೆಗೆ ನಾಯಿಯನ್ನು ಅದರೊಳಗೆ ಕೂಡಿಹಾಕಿ, ರಾತ್ರಿ ಬಿಟ್ಟುಬಿಡುತ್ತಾರೆ. ಮೊದಲನೆಯವರು ಮಾಡತಕ್ಕದ್ದನ್ನು ಮಾಡುತ್ತಿಲ್ಲ. ಎರಡನೆಯವರು ಮಾಡುವ ಹೊತ್ತನ್ನು ತಲೆಕೆಳಗು ಮಾಡಿದ್ದಾರೆ. ನಮ್ಮ ಈ ಸೀಮೆಗಳಲ್ಲಿ ನಾಯಿಗೆ ಬಾಗಿಲುಳ್ಳ ಗೂಡು ಅವಶ್ಯವಾಗಿ ಬೇಕು. ಆದರೆ ಅದರ ಬಾಗಿಲನ್ನು ಮುಚ್ಚತಕ್ಕದ್ದು ಮುಖ್ಯವಾಗಿ ರಾತ್ರಿಯ ಹೊತ್ತು, ಮತ್ತು ನಾಯಿಯು ಯಾರನ್ನಾದರೂ ಕಚ್ಚಿದ ತರುವಾಯದ ಹತ್ತು ದಿವಸ. ಇದನ್ನು ವಿವರವಾಗಿ ತಿಳಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಲಾಗಿದೆ.

ರಾತ್ರಿಯ ವಿಷಯವನ್ನು ಮೊದಲು ಹೇಳಬೇಕು. ಅರಸೀಕೆರೆಯ ಕಲ್ಲುಗುಡ್ಡಗಳಲ್ಲಿ ಚಿರತೆಯೂ ಕರಡಿಯೂ ಇರುವುದನ್ನು ಆ ಕಡೆಯವರಿಗೆ ತಿಳಿಸಬೇಕಾದದ್ದಿಲ್ಲ. ಬೇಲೂರಿನ ಕಾಫಿ ತೋಟಗಳ ನೆರಳಿನಲ್ಲಿಯೂ ಚಿರತೆಯು ಸದ್ದಿಲ್ಲದೆ ವಾಸಮಾಡುವುದು. ೨೦೨೨ನೆಯ ಇಸವಿಯ ಎಣಿಕೆಯ ಪ್ರಕಾರ ಕರ್ನಾಟಕದಲ್ಲಿ ಚಿರತೆಗಳ ಸಂಖ್ಯೆಯನ್ನು ೧,೮೭೯ ಎಂದು ಅಂದಾಜು ಮಾಡಲಾಗಿದೆ. ಇಡೀ ದೇಶದಲ್ಲಿ ನಮಗಿಂತ ಹೆಚ್ಚು ಚಿರತೆಗಳಿರುವುದು ಮಧ್ಯಪ್ರದೇಶ, ಮಹಾರಾಷ್ಟ್ರ ಈ ಎರಡು ರಾಜ್ಯಗಳಲ್ಲಿ ಮಾತ್ರ. ಚಿರತೆಯು ಊರಿನ ಅಂಚಿಗೆ ಏತಕ್ಕೆ ಬರುತ್ತದೆಂದು ಕೇಳಿದರೆ ಕುರಿಗೆ, ಕರುವಿಗೆ ಎಂದು ಜನರು ಉತ್ತರ ಹೇಳುವರು. ಅದು ಪೂರ್ತಿ ಸರಿಯಲ್ಲ. ಮಹಾರಾಷ್ಟ್ರದ ಅಕೋಲೆ ಎಂಬ ಕಡೆ, ಕಾಡೇ ಇಲ್ಲದ ಕಬ್ಬಿನ ಗದ್ದೆಗಳ ಸೀಮೆಯಲ್ಲಿ, ವಿಜ್ಞಾನಿಗಳು ಚಿರತೆಯ ಹಿಕ್ಕೆಗಳನ್ನು ಕೂಡಿಸಿ ಪರೀಕ್ಷಿಸಿದಾಗ, ಅದು ತಿಂದ ಆಹಾರದ ತೂಕದಲ್ಲಿ ನೂರಕ್ಕೆ ಸುಮಾರು ೩೯ ಪಾಲು ನಾಯಿಯೇ ಆಗಿತ್ತು. ಮೇಕೆಯ ಪಾಲು ಇದಕ್ಕಿಂತ ಬಹಳ ಕಡಿಮೆ. ಕುರಿ ಮೇಕೆಗಳನ್ನು ರಾತ್ರಿ ಹಟ್ಟಿಯೊಳಗೆ ಕೂಡುತ್ತೇವೆ. ನಾಯಿಯನ್ನು ಹೊರಗೆ ಬಿಟ್ಟಿರುತ್ತೇವೆ. ಸುಲಭವಾಗಿ ಸಿಕ್ಕುವುದನ್ನು ಬಿಟ್ಟು ಕಷ್ಟದ್ದಕ್ಕೆ ಕೈಹಾಕುವಷ್ಟು ಚಿರತೆಯು ದಡ್ಡಪ್ರಾಣಿಯಲ್ಲ.

ನಾಯಿಯೊಂದು ಹೋದರೆ ಇನ್ನೊಂದು ಮರಿಯನ್ನು ತಂದರಾಯಿತು ಎಂದು ಭಾವಿಸುವವರು ಈ ಸಂಗತಿಯನ್ನು ಆಲೋಚಿಸಬೇಕು. ನಾಯಿಯ ರುಚಿ ಹಿಡಿದ ಚಿರತೆಯು ಅದೇ ಅಂಗಳಕ್ಕೆ ಮತ್ತೆ ಮತ್ತೆ ಬರುವುದು. ಆ ಅಂಗಳದ ಜಗಲಿಯ ಮೇಲೆ ಬೇಸಗೆಯಲ್ಲಿ ಮಕ್ಕಳು ಮರಿ ಮಲಗಿರುತ್ತಾರೆ. ನಸುಕಿನಲ್ಲಿ ಹೆಂಗಸರು ಕೊಟ್ಟಿಗೆಗೆ ಹೋಗುತ್ತಾರೆ. ಚಿರತೆಯು ಮನುಷ್ಯನನ್ನು ಹುಡುಕಿಕೊಂಡು ಬಂದದ್ದಲ್ಲ; ಆದರೆ ನಾಯಿಯನ್ನು ಅಟ್ಟಿಸಿಕೊಂಡು ಬಂದಾಗ ಎದುರಿಗೆ ಸಿಕ್ಕಿದವರ ಗತಿಯನ್ನು ಹೇಳುವುದಕ್ಕಾಗದು. ೨೦೨೧ನೆಯ ಇಸವಿಯ ಫೆಬ್ರವರಿಯಲ್ಲಿ, ಘಟ್ಟದ ಕೆಳಗೆ ಕಡಬ ತಾಲ್ಲೂಕಿನ ಬಿಳಿನೆಲೆ ಗ್ರಾಮದಲ್ಲಿ, ಚಿರತೆಯೊಂದು ನಾಯಿಯನ್ನು ಅಟ್ಟಿಸಿಕೊಂಡು ಒಂದು ಮನೆಯ ಶೌಚಾಲಯದೊಳಕ್ಕೆ ನುಗ್ಗಿತು. ಮನೆಯವರು ಹೊರಗಿನಿಂದ ಚಿಲಕ ಹಾಕಿದರು. ಎರಡು ಪ್ರಾಣಿಗಳೂ ಅನೇಕ ತಾಸು ಒಂದೇ ಇಕ್ಕಟ್ಟಿನ ಕೋಣೆಯಲ್ಲಿ ಎದುರುಬದುರಾಗಿ ಕುಳಿತಿದ್ದು, ಕಡೆಗೆ ಚಿರತೆಯು ಮಾಡಿನ ಕಡೆಯಿಂದ ತಪ್ಪಿಸಿಕೊಂಡು ಓಡಿತು. ನಾಯಿಯು ಜೀವಸಹಿತ ಉಳಿಯಿತು. ಇದನ್ನು ಎಲ್ಲರೂ ಬೆರಗಿನಿಂದ ಹೇಳಿಕೊಂಡರು. ಆ ಬಾಗಿಲನ್ನು ತೆರೆಯಲು ಹೋದ ಮನೆಯವರಿಗೆ ಏನಾಗಬಹುದಾಗಿತ್ತೆಂಬುದನ್ನು ಹೇಳಿಕೊಂಡವರು ಕಡಿಮೆ.

ಸರಪಳಿಯಲ್ಲಿ ಕಟ್ಟಿದ ನಾಯಿಯ ಅವಸ್ಥೆ ಎಲ್ಲಕ್ಕಿಂತ ಕೆಟ್ಟದ್ದು. ಬಿಟ್ಟ ನಾಯಿಯಾದರೆ ಓಡಬಲ್ಲದು, ಒಲೆಯ ಸಂದಿಯಲ್ಲಿಯಾದರೂ ನುಸುಳಬಲ್ಲದು. ಕಟ್ಟಿದ ನಾಯಿಯನ್ನು ಚಿರತೆಗೆ ಎಲೆ ಹಾಕಿ ಬಡಿಸಿಟ್ಟಂತೆ. ಸಳನು ಹುಲಿಯನ್ನು ಹೊಡೆದ ವಿಗ್ರಹಗಳನ್ನು ಬೇಲೂರಿನಲ್ಲಿಯೂ ಹಳೇಬೀಡಿನಲ್ಲಿಯೂ ದಿನಬೆಳಗಾದರೆ ನೋಡುವ ಜನರಾದ ನಾವು, ಆ ಕೆಲಸವನ್ನು ಸರಪಳಿಯಲ್ಲಿರುವ ನಾಯಿಗೆ ವಹಿಸಿ ಒಳಗೆ ಮಲಗುವುದು ಭೂಷಣವಲ್ಲ. ಹಿಮಾಲಯದ ಕುರಿಗಾಹಿಗಳು ಮಂದೆಯ ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳುಗಳುಳ್ಳ ಪಟ್ಟಿಯನ್ನು ಕಟ್ಟುವ ವಾಡಿಕೆಯುಂಟು; ಚಿರತೆಯು ಕುತ್ತಿಗೆಗೇ ಬಾಯಿಹಾಕುವುದರಿಂದ ಇದರಿಂದ ಕೊಂಚ ರಕ್ಷಣೆಯಾಗುವುದು. ಊರಿಂದೂರಿಗೆ ಮಂದೆಯೊಡನೆ ಹೋಗುವ ನಮ್ಮ ಕುರುಬರಿಗೆ ಗೂಡನ್ನು ಹೊತ್ತು ತಿರುಗುವುದು ಸಾಧ್ಯವಿಲ್ಲವಾದ ಕಾರಣ, ಅವರು ಈ ಉಪಾಯವನ್ನು ಪರೀಕ್ಷಿಸಿ ನೋಡಬಹುದು. ಮನೆ ತೋಟಗಳ ನಾಯಿಗೆ ಗೂಡೇ ಸರಿಯಾದದ್ದು.

ಗೂಡಿನಲ್ಲಿ ಕೂಡಿದ ನಾಯಿಯು ಕಾವಲು ಹೇಗೆ ಕಾದೀತು ಎಂಬ ಆಕ್ಷೇಪಣೆಯುಂಟು. ನಾಯಿಯ ಕಾವಲೆಂಬುದು ಅದರ ಹಲ್ಲಿನಲ್ಲಿ ಸ್ವಲ್ಪ, ಗಂಟಲಿನಲ್ಲಿ ಬಹಳ. ಕಳ್ಳನು ಬಂದರೂ ಮೃಗವು ಬಂದರೂ ಗೂಡಿನೊಳಗಿನಿಂದಲೇ ಬೊಗಳಿ ಯಜಮಾನನನ್ನು ಎಬ್ಬಿಸುವುದು. ಎದ್ದು ದೀಪ ಹಾಕುವುದು ಯಜಮಾನನ ಕೆಲಸ. ಆದಕಾರಣ ಗೂಡನ್ನು ತೋಟದ ಕೊನೆಯಲ್ಲಿ ಇಡದೆ, ಮನೆಯ ಗೋಡೆಗೆ ಹತ್ತಿರವಾಗಿ, ಮಲಗುವವರ ಕಿವಿಗೆ ಬೊಗಳುವ ಶಬ್ದ ತಲಪುವಂತೆ ಇಡತಕ್ಕದ್ದು.

ಇನ್ನು ಗೂಡನ್ನು ಕಟ್ಟುವ ಕ್ರಮ. ಅಳತೆಯನ್ನು ನಾಯಿಯನ್ನೇ ನಿಲ್ಲಿಸಿ ತೆಗೆದುಕೊಳ್ಳಬೇಕು. ನಾಯಿಯು ತಲೆ ಬಗ್ಗಿಸದೆ ನಿಲ್ಲುವಷ್ಟು ಎತ್ತರ, ಸುತ್ತಲೂ ತಿರುಗುವಷ್ಟು ಅಗಲ, ನಾಲ್ಕು ಕಾಲನ್ನೂ ಚಾಚಿ ಮಗ್ಗುಲಾಗಿ ಮಲಗುವಷ್ಟು ಉದ್ದ, ಇಷ್ಟಕ್ಕೆ ಕಡಿಮೆಯಾದದ್ದು ಗೂಡಲ್ಲ, ಪೆಟ್ಟಿಗೆ. ನಮ್ಮ ನಾಡನಾಯಿಗೆ ೪ ಅಡಿ ಉದ್ದ, ೨½ ಅಡಿ ಅಗಲ, ೩ ಅಡಿ ಎತ್ತರ ಸಾಕಾಗುವುದು. ಮುಧೋಳದ ಬೇಟೆನಾಯಿಯಂತಹ ಉದ್ದಕಾಲಿನ ಜಾತಿಗೆ ೫ ಅಡಿ, ೩ ಅಡಿ, ೩½ ಅಡಿಯ ಲೆಕ್ಕವನ್ನು ಹಿಡಿಯಬೇಕು. ಬೇಕಾದದ್ದಕ್ಕಿಂತ ಬಹಳ ದೊಡ್ಡದಾಗಿ ಕಟ್ಟಿದರೆ ಚಳಿಗಾಲದಲ್ಲಿ ಬೆಚ್ಚಗಿರುವುದಿಲ್ಲ, ಮರಿಯಾದರೆ ಒಂದು ಮೂಲೆಯನ್ನು ಹೇಸಿಗೆ ಮಾಡಿಕೊಳ್ಳುವುದು.

ಕೋಳಿಗೂಡಿಗೆ ಹಾಕುವ ತೆಳು ತಂತಿಬಲೆಯನ್ನು ನಾಯಿಗೂಡಿಗೆ ಹಾಕಿ ನೆಮ್ಮದಿಯಾಗಿರಕೂಡದು. ಚಿರತೆಯ ಪಂಜಕ್ಕೆ ಅದು ಜೇಡರಬಲೆಗೆ ಸಮಾನ. ಬೆರಳು ಗಾತ್ರದ ಕಬ್ಬಿಣದ ಸರಳುಗಳನ್ನು ಎರಡು ಅಂಗುಲಕ್ಕೊಂದರಂತೆ ಕೂಡಿಸಿ, ಅದರ ಒಳಮೈಗೆ ಬೆಸುಗೆ ಹಾಕಿದ ಸಣ್ಣ ಕಣ್ಣಿನ ಗಟ್ಟಿ ಬಲೆಯನ್ನು ಹೊಡೆಯಬೇಕು. ಸರಳು ಮಾತ್ರ ಇದ್ದರೆ ಚಿರತೆಯು ಒಳಕ್ಕೆ ಪಂಜವನ್ನು ತೂರಿಸಿ ನಾಯಿಯನ್ನು ಗೀರಿ ಎಳೆಯುವುದುಂಟು. ಗೂಡು ಮುರಿಯದೆ ಇದ್ದರೂ ನಾಯಿ ಸಾಯುವುದು. ಮೂರು ಕಡೆಗೆ ಹಲಗೆ ಅಥವಾ ಇಟ್ಟಿಗೆಯ ಗೋಡೆಯಿದ್ದು, ಮುಂದುಗಡೆ ಮಾತ್ರ ಸರಳಿದ್ದರೆ ಇನ್ನೂ ಉತ್ತಮ. ಆಗ ನಾಯಿಯು ಹಿಂದಿನ ಮೂಲೆಗೆ ಸರಿದು ಬದುಕುವುದು. ಬಾಗಿಲಿಗೆ ಬರಿಯ ಕೊಂಡಿ ಸಾಲದು, ಅಗುಳಿ ಹಾಕಿ ಅದಕ್ಕೆ ಮೊಳೆಯನ್ನು ಚುಚ್ಚಬೇಕು. ಬೀಗ ಹಾಕುವುದಾದರೆ ಬೀಗದ ಕೈಯನ್ನು ಮನೆಯವರಿಗೆಲ್ಲ ಗೊತ್ತಿರುವ ಜಾಗದಲ್ಲಿ ತೂಗುಹಾಕಬೇಕು. ಹುಲ್ಲಿನ ಬಣವೆಗೆ ಬೆಂಕಿ ಬಿದ್ದ ದಿವಸ ಬೀಗದ ಕೈಗಾಗಿ ಹುಡುಕುವಂತಾಗಬಾರದು.

ಮೂರು ಸೀಮೆಗಳಿಗೂ ಒಂದೇ ಮಾದರಿಯ ಗೂಡು ಹೊಂದುವುದಿಲ್ಲ. ಅರಸೀಕೆರೆಯದು ಬಯಲುಸೀಮೆ, ಅಲ್ಲಿ ಮಳೆಗಿಂತ ಬಿಸಿಲಿನ ಭಯ ಹೆಚ್ಚು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುವುದರಿಂದಲೇ ಅದು ಮೈಯನ್ನು ತಣಿಸಿಕೊಳ್ಳಬೇಕು. ಏಪ್ರಿಲ್ ತಿಂಗಳ ನಡುಹಗಲಲ್ಲಿ ತಗಡಿನ ಮಾಡಿನ ಕೆಳಗೆ ಬಾಗಿಲು ಮುಚ್ಚಿದರೆ ಒಂದೆರಡು ತಾಸಿನಲ್ಲಿ ನಾಯಿ ಸಾಯಬಹುದು. ಆದಕಾರಣ ಅಲ್ಲಿ ತಗಡಿನ ಮೇಲೆ ತೆಂಗಿನ ಗರಿಯನ್ನು ಒತ್ತಾಗಿ ಹೊದಿಸಿ, ಹೊಂಗೆಯ ಅಥವಾ ಮಾವಿನ ನೆರಳಿನಲ್ಲಿ ಗೂಡನ್ನು ಇಡಬೇಕು. ತೆಂಗಿನ ಮರದ ಬುಡದಲ್ಲಿ ಮಾತ್ರ ಇಡಕೂಡದು. ಕಾಯಿ ಬೀಳುವ ಹೊತ್ತನ್ನು ಯಾರೂ ಬಲ್ಲವರಿಲ್ಲ. ಬೇಲೂರಿನ ಪಡುವಣ ಭಾಗದಲ್ಲಿ ಇದಕ್ಕೆ ವಿರುದ್ಧವಾಗಿ, ಜೂನ್ ತಿಂಗಳಿನಿಂದ ತಿಂಗಳುಗಟ್ಟಲೆ ಹೊಡೆಯುವ ನೈರುತ್ಯದ ಮಳೆಯೇ ಶತ್ರು. ಅಲ್ಲಿ ಗೂಡಿನ ಬೆನ್ನನ್ನು ಪಡುವಣಕ್ಕೆ ಮಾಡಿ ಬಾಗಿಲನ್ನು ಮೂಡಣಕ್ಕಿಡಬೇಕು. ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲಿನ ಕಾಲುಗಳ ಮೇಲೆ ಕೂಡಿಸಬೇಕು. ಮಾಡನ್ನು ಮುಂದಕ್ಕೆ ಎರಡು ಅಡಿ ಚಾಚಬೇಕು. ಕಾಫಿ ತೋಟದ ಸಿಲ್ವರ್ ಓಕ್ ಹಲಗೆಯು ಸುಲಭವಾಗಿ ದೊರೆಯುವುದಾದರೂ, ಮಣ್ಣಿಗೆ ತಾಕಿದರೆ ಗೆದ್ದಲಿಗೆ ಬೇಗ ಆಹಾರವಾಗುವುದು. ಹಳೇಬೀಡಿನ ಸುತ್ತಿನವರು ಇವೆರಡರ ನಡುವಿನವರಾದ್ದರಿಂದ ತಮ್ಮ ಊರಿನ ಮಳೆಯನ್ನು ನೋಡಿ ಮಾಡಿಕೊಳ್ಳಬಹುದು.

ಹಾಸಿಗೆಗೆ ಒಣಹುಲ್ಲು ಅಥವಾ ಗೋಣಿಚೀಲ ಸಾಕು. ಮಳೆಗಾಲದಲ್ಲಿ ನಿತ್ಯವೂ ಬದಲಾಯಿಸಬೇಕು. ಹಲಗೆಯ ಸಂದಿಗಳಲ್ಲಿ ಉಣ್ಣೆಗಳು ಸೇರಿಕೊಂಡು ನಾಯಿಯ ರಕ್ತವನ್ನು ಹೀರಿ ಜ್ವರವನ್ನು ಹಚ್ಚುವುದರಿಂದ, ತಿಂಗಳಿಗೊಮ್ಮೆ ಸಂದಿಗಳಿಗೆಲ್ಲ ಸುಣ್ಣ ಬಳಿಯತಕ್ಕದ್ದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾಗದು. ಬೆಳೆಯ ಹುಳುಗಳಿಗೆಂದು ತಂದ ಔಷಧಿಯನ್ನು ಗೂಡಿಗೂ, ಹೀಗೆಯೇ ನಾಯಿಯ ಮೈಗೂ ಸಿಂಪಡಿಸುವ ರೂಢಿ ಕೆಲವೆಡೆ ಇದೆ. ನಾಯಿಯು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿ. ಉಣ್ಣೆಗಿಂತ ಮುಂಚೆ ನಾಯಿಯೇ ಸಾಯುವುದು. ಉಣ್ಣೆಯ ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಬೇಕು.

ಗೂಡು ಸಿದ್ಧವಾದ ರಾತ್ರಿಯೇ ನಾಯಿಯನ್ನು ಎಳೆದುಕೊಂಡು ಹೋಗಿ ಒಳಕ್ಕೆ ತಳ್ಳಿ ಬಾಗಿಲು ಹಾಕಿದರೆ, ಅದು ಬೆಳಗಿನವರೆಗೆ ಊಳಿಟ್ಟು, ಸರಳನ್ನು ಕಚ್ಚಿ ಹಲ್ಲು ಮುರಿದುಕೊಂಡು, ಮಾರನೆಯ ದಿವಸ ಗೂಡನ್ನು ಕಂಡರೆ ಓಡುವುದು. ಮೊದಲನೆಯ ವಾರ ಬಾಗಿಲನ್ನು ತೆರೆದೇ ಇಟ್ಟು ಮುದ್ದೆ ಮಜ್ಜಿಗೆಯನ್ನು ಗೂಡಿನೊಳಗೇ ಇಡಬೇಕು. ನಾಯಿಯು ತಾನಾಗಿಯೇ ಒಳಗೆ ಹೋಗಿ ಮಲಗುವ ಅಭ್ಯಾಸವಾದ ಮೇಲೆ, ಉಣ್ಣುತ್ತಿರುವಷ್ಟು ಹೊತ್ತು ಬಾಗಿಲನ್ನು ಮುಂದೆ ಮಾಡಬೇಕು; ಆಮೇಲೆ ಕಾಲುತಾಸು, ಅರ್ಧತಾಸು; ಕಡೆಗೆ ರಾತ್ರಿ. ಒಳಗೆ ಬಿಡುವಾಗ ಕೊರಳಪಟ್ಟಿಯನ್ನು ತೆಗೆಯಬೇಕು, ಇಲ್ಲದಿದ್ದರೆ ಬಲೆಗೆ ಸಿಕ್ಕಿ ಉರುಳಾದೀತು. ನಾಯಿಯು ತಪ್ಪುಮಾಡಿದಾಗ ಹೊಡೆದು ಗೂಡಿಗೆ ಹಾಕುವ ಪದ್ಧತಿಯನ್ನು ಪೂರ್ತಿಯಾಗಿ ಬಿಡಬೇಕು. ಸೆರೆಮನೆಯೆಂದು ತಿಳಿದ ಕೋಣೆಗೆ ಸಂಜೆಯಾದೊಡನೆ ಸಂತೋಷದಿಂದ ಹೋಗುವ ಪ್ರಾಣಿ ಯಾವುದೂ ಇಲ್ಲ.

ಯೂರೋಪು ಅಮೆರಿಕಾ ದೇಶಗಳಲ್ಲಿ ಮನೆಯೊಳಗೆ ನಾಯಿ ಸಾಕುವವರು ಮರಿಗೆ ಮಲಮೂತ್ರದ ಶಿಸ್ತನ್ನು ಕಲಿಸುವುದಕ್ಕೆ ಚಿಕ್ಕ ಪಂಜರವನ್ನು ಬಳಸುವುದುಂಟು. ನಾಯಿಯು ತಾನು ಮಲಗುವ ಜಾಗವನ್ನು ಹೇಸಿಗೆ ಮಾಡಲು ಇಷ್ಟಪಡದ ಕಾರಣ, ಪಂಜರದಿಂದ ಬಿಟ್ಟೊಡನೆ ಹೊರಗೆ ಕರೆದುಕೊಂಡುಹೋದರೆ ಬೇಗ ಕಲಿಯುತ್ತದೆ. ಈ ಉಪಾಯ ಒಳ್ಳೆಯದೇ. ಆದರೆ ಮೂರು ತಿಂಗಳ ಮರಿಯು ಹಗಲಿನಲ್ಲಿ ಮೂರು ನಾಲ್ಕು ತಾಸಿಗಿಂತ ಹೆಚ್ಚು ತಡೆದುಕೊಳ್ಳಲಾರದು. ಅಷ್ಟರೊಳಗೆ ಬಿಡಲು ಆಳಿಲ್ಲದವರು ಈ ಉಪಾಯಕ್ಕೆ ಕೈಹಾಕಕೂಡದು. ತೋಳವು ಗುಹೆಯಲ್ಲಿ ವಾಸಿಸುವುದರಿಂದ ನಾಯಿಗೂ ಪಂಜರವು ಸಹಜವಾದ ಮನೆಯೆಂದು ಪಂಜರ ಮಾರುವವರು ಹೇಳುವ ಮಾತನ್ನು ಮಾತ್ರ ಪೂರ್ತಿ ನಂಬಬೇಕಾದದ್ದಿಲ್ಲ. ತೋಳವು ಗವಿಯನ್ನು ಹಿಡಿಯುವುದು ಮರಿ ಹಾಕುವ ಕಾಲದಲ್ಲಿ. ಆ ಗವಿಗೆ ಬಾಗಿಲೂ ಇಲ್ಲ, ಅಗುಳಿಯೂ ಇಲ್ಲ. ಸ್ವೀಡನ್ ದೇಶದಲ್ಲಿ ಪ್ರಯಾಣದಂತಹ ಕೆಲವು ಸಂದರ್ಭಗಳನ್ನು ಬಿಟ್ಟು ನಾಯಿಯನ್ನು ಇಕ್ಕಟ್ಟಾದ ಪಂಜರದಲ್ಲಿ ಇಡುವುದಕ್ಕೆ ಕಾನೂನಿನ ಅಡ್ಡಿಯೇ ಇದೆ.

ನಮ್ಮಲ್ಲಿಯೂ ಕಾನೂನು ಇಲ್ಲದೆ ಇಲ್ಲ. ೧೯೬೦ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ೧೧ನೆಯ ಕಲಮಿನಲ್ಲಿ, ಪ್ರಾಣಿಯು ಆಡಲು ಅನುಕೂಲವಿಲ್ಲದಷ್ಟು ಚಿಕ್ಕ ಪಂಜರದಲ್ಲಿ ಇಡುವುದೂ, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟಿಹಾಕುವುದೂ ಅಪರಾಧವೆಂದು ಹೇಳಿದೆ. ನಿತ್ಯವೂ ಕಟ್ಟಿಹಾಕುವ ಅಥವಾ ಕೂಡಿಹಾಕುವ ನಾಯಿಯನ್ನು ತಿರುಗಾಡಿಸದೆ ಇರುವುದನ್ನು ಪ್ರತ್ಯೇಕವಾಗಿಯೇ ಅಪರಾಧಗಳ ಸಾಲಿಗೆ ಸೇರಿಸಿದೆ. ಗೂಡನ್ನು ಕಟ್ಟಿಸಿದ ಯಜಮಾನನು ಬೆಳಗ್ಗೆ ಬಾಗಿಲು ತೆರೆದು ನಾಯಿಯನ್ನು ತೋಟವನ್ನೆಲ್ಲ ಸುತ್ತಾಡಿಸುವ ಹೊಣೆಯನ್ನೂ ಜೊತೆಯಲ್ಲಿಯೇ ಹೊತ್ತಿರುತ್ತಾನೆ.

ಹಗಲಿನಲ್ಲಿ ಬಾಗಿಲು ಮುಚ್ಚಬೇಕಾದ ಸಂದರ್ಭಗಳು ಕೆಲವಿವೆ. ಬೇಲೂರು ತಾಲ್ಲೂಕಿನ ಕಾಫಿ ತೋಟಗಳಲ್ಲಿ ಆನೆಯ ಸುಳಿವಿರುವ ದಿವಸ ಆಳುಗಳ ಹಿಂದೆ ನಾಯಿಯನ್ನು ಬಿಡಕೂಡದು. ನಾಯಿಯು ಆನೆಯನ್ನು ಕಂಡು ಬೊಗಳಿ ಕೆರಳಿಸಿ, ಅದು ತಿರುಗಿಬಿದ್ದೊಡನೆ ಯಜಮಾನನ ಕಾಲ ಬುಡಕ್ಕೇ ಓಡಿಬರುವುದು; ಹಿಂದೆ ಆನೆಯೂ ಬರುವುದು. ಅರಸೀಕೆರೆಯ ಗುಡ್ಡದ ಕರಡಿಯ ವಿಷಯದಲ್ಲಿಯೂ ಹೀಗೆಯೇ. ಇನ್ನು ಹೆಣ್ಣುನಾಯಿಯು ಗಬ್ಬವಾದ ಸುಮಾರು ೬೩ ದಿವಸಗಳಿಗೆ ಮರಿ ಹಾಕುವುದು; ಅದಕ್ಕೆ ಮುಂಚೆಯೇ ಗೂಡಿನ ಒಳಗೋಡೆಯ ಸುತ್ತಲೂ ನೆಲದಿಂದ ನಾಲ್ಕು ಅಂಗುಲ ಎತ್ತರದಲ್ಲಿ, ಗೋಡೆಯಿಂದ ನಾಲ್ಕು ಅಂಗುಲ ಬಿಟ್ಟು, ಒಂದು ಗಳುವನ್ನು ಅಡ್ಡವಾಗಿ ಕೂಡಿಸಿದರೆ ತಾಯಿಯ ಮೈಕೆಳಗೆ ಸಿಕ್ಕಿ ಮರಿಗಳು ಸಾಯುವುದು ತಪ್ಪುವುದು. ಅರಸೀಕೆರೆ ಜಂಕ್ಷನ್ನಿನಿಂದ ರೈಲಿನಲ್ಲಿ ನಾಯಿಯನ್ನು ಸಾಗಿಸುವವರು ೧೯೭೮ನೆಯ ಇಸವಿಯ ಪ್ರಾಣಿ ಸಾಗಾಣಿಕೆಯ ನಿಯಮಗಳ ಪ್ರಕಾರ ಪಶುವೈದ್ಯರ ಆರೋಗ್ಯಪತ್ರವನ್ನು ಮೊದಲೇ ಪಡೆದಿರಬೇಕು. ಗೂಡಿನಲ್ಲಿ ಮಲಗಿ ಅಭ್ಯಾಸವಿರುವ ನಾಯಿಯು ಗಾರ್ಡಿನ ಗಾಡಿಯ ಪೆಟ್ಟಿಗೆಯಲ್ಲಿಯೂ ಹೆಚ್ಚು ಗಾಬರಿಪಡದು.

ಈಗ ಮುಖ್ಯವಾಗಿ ಗ್ರಾಮದ ಮುಖಂಡರು ಗಮನಿಸತಕ್ಕ ಸಂಗತಿಗೆ ಬರೋಣ. ಊರಿನಲ್ಲಿ ನಾಯಿಯೊಂದು ಮಗುವನ್ನು ಕಚ್ಚಿದರೆ ಸಾಮಾನ್ಯವಾಗಿ ಏನಾಗುತ್ತದೆ? ಹತ್ತು ಜನರು ದೊಣ್ಣೆ ಹಿಡಿದು ಹೊರಟು ನಾಯಿಯನ್ನು ಹೊಡೆದುಹಾಕಿ ಹಳ್ಳಕ್ಕೆ ಎಸೆದು ಬರುತ್ತಾರೆ. ಅಥವಾ ಮನೆಯ ನಾಯಿಯೇ ಆದರೆ ಏನೂ ಆಗಲಿಲ್ಲವೆಂಬಂತೆ ಮುಚ್ಚಿಡುತ್ತಾರೆ. ಎರಡೂ ತಪ್ಪು. ಹುಚ್ಚುನಾಯಿಯ ರೋಗವು ಮನುಷ್ಯನಲ್ಲಿ ಕಾಣಿಸಿಕೊಂಡ ತರುವಾಯ ಬದುಕಿದವರು ಇಲ್ಲವೆಂದೇ ಹೇಳಬೇಕು. ಆದರೆ ಕಾಣಿಸಿಕೊಳ್ಳುವುದಕ್ಕೆ ಮೊದಲು ಚುಚ್ಚುಮದ್ದಿನಿಂದ ತಡೆಯಬಹುದೆಂಬುದನ್ನು ಪ್ಯಾರಿಸಿನಲ್ಲಿ ಲೂಯಿ ಪಾಸ್ಚರನು ೧೮೮೫ರಲ್ಲಿಯೇ ತೋರಿಸಿಕೊಟ್ಟನು. ದಕ್ಷಿಣ ಇಂಡಿಯಾಕ್ಕೆ ಕೂನೂರಿನ ಪಾಸ್ಚರ್ ಸಂಸ್ಥೆಯು ೧೯೦೭ರಲ್ಲಿ ಏರ್ಪಟ್ಟಿತು. ಇಷ್ಟು ಕಾಲವಾದರೂ ನಮ್ಮ ದೇಶದಲ್ಲಿ ವರ್ಷಂಪ್ರತಿ ಸಾವಿರಾರು ಜನರು ಈ ರೋಗದಿಂದ ಸಾಯುತ್ತಿದ್ದಾರೆ.

ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲುತಾಸು ಬಿಡದೆ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಕೂಡದು. ಆ ದಿವಸವೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಬೇಕು. ರಕ್ತ ಬಂದ ಗಾಯವಾದರೆ ಗಾಯಕ್ಕೇ ಹಾಕುವ ಬೇರೊಂದು ಔಷಧಿಯನ್ನೂ ವೈದ್ಯರು ಕೊಡುವರು. ನಾಯಿಯ ಗತಿ ಏನಾಗುವುದೋ ನೋಡೋಣವೆಂದು ಕಾಯತಕ್ಕದ್ದಲ್ಲ.

ಇದಾದ ಮೇಲೆ ನಾಯಿಯ ಸರದಿ. ಅದನ್ನು ಕೊಲ್ಲದೆ ಹತ್ತು ದಿವಸ ಗೂಡಿನಲ್ಲಿ ಕೂಡಿ ನೋಡಬೇಕು. ಇದಕ್ಕೆ ಕಾರಣವೇನೆಂದರೆ, ಈ ರೋಗದ ವಿಷವು ನಾಯಿಯ ಜೊಲ್ಲಿನಲ್ಲಿ ಕಾಣಿಸಿಕೊಳ್ಳುವುದು ಅದಕ್ಕೆ ರೋಗ ಬಲಿತ ಕಡೆಯ ದಿವಸಗಳಲ್ಲಿ. ಅಂತಹ ನಾಯಿಯು ಹತ್ತು ದಿವಸದೊಳಗೆ ಹುಚ್ಚಿನ ಚಿಹ್ನೆಯನ್ನು ತೋರಿಸಿ ಸತ್ತೇ ಸಾಯುವುದು. ಹತ್ತು ದಿವಸವಾದರೂ ನಾಯಿಯು ಆರೋಗ್ಯದಿಂದ ಇದ್ದರೆ ಕಚ್ಚಿದ ದಿವಸ ಅದರ ಜೊಲ್ಲಿನಲ್ಲಿ ವಿಷವಿರಲಿಲ್ಲವೆಂದು ನಿಶ್ಚಯವಾಗುವುದು. ಮಿಕ್ಕ ಚುಚ್ಚುಮದ್ದನ್ನು ನಿಲ್ಲಿಸಬಹುದೇ ಎಂಬುದನ್ನು ಆಗ ವೈದ್ಯರು ನಿರ್ಣಯಿಸುವರು. ಮೊದಲ ದಿವಸವೇ ಹೊಡೆದುಹಾಕಿದರೆ ಈ ನಿಶ್ಚಯವು ಯಾರಿಗೂ ದೊರೆಯದು. ಆ ನಾಯಿಯು ಇನ್ನೂ ಯಾರುಯಾರನ್ನು, ಯಾವ ದನವನ್ನು ಕಚ್ಚಿತ್ತೆಂಬ ವಿಚಾರಣೆಯೂ ಅಲ್ಲಿಗೇ ನಿಲ್ಲುವುದು.

ಈ ಹತ್ತು ದಿವಸದ ಲೆಕ್ಕವನ್ನು ಇನ್ನೊಂದರೊಡನೆ ಬೆರಸಿ ಅನೇಕರು ಮೋಸಹೋಗುತ್ತಾರೆ. ನಮ್ಮ ನಾಯಿಯು ಮನುಷ್ಯನನ್ನು ಕಚ್ಚಿದಾಗ ಹತ್ತು ದಿವಸ ಸಾಕು. ಆದರೆ ಹುಚ್ಚುನಾಯಿಯು ನಮ್ಮ ನಾಯಿಯನ್ನು ಕಚ್ಚಿದಾಗ ಸಾಲದು. ಕಚ್ಚಿಸಿಕೊಂಡ ನಾಯಿಗೆ ರೋಗವು ಕೆಲವು ವಾರಗಳ ಮೇಲೆ, ಕೆಲವು ವೇಳೆ ಅನೇಕ ತಿಂಗಳುಗಳ ಮೇಲೆ ಹೊರಬೀಳಬಹುದು. ಅಂತಹ ನಾಯಿಯನ್ನು ಪಶುವೈದ್ಯರಿಗೆ ಕೂಡಲೇ ತೋರಿಸಿ, ಅವರು ಹೇಳಿದಷ್ಟು ತಿಂಗಳು ಕೂಡಿಡಬೇಕು. ಹುಚ್ಚುನಾಯಿ ಕಚ್ಚಿದ ದನ, ಎಮ್ಮೆ, ಕುರಿಗಳಿಗೂ ಇದೇ ರೋಗ ಬರುವುದರಿಂದ ಅವಕ್ಕೂ ಚುಚ್ಚುಮದ್ದನ್ನು ತಡಮಾಡದೆ ಹಾಕಿಸಬೇಕು.

ಮಾಮೂಲು ಮಲಗುವ ಗೂಡು ಈ ಕೆಲಸಕ್ಕೆ ಚಿಕ್ಕದು, ಅಪಾಯಕರವೂ ಹೌದು. ಏಕೆಂದರೆ ಅನ್ನ ನೀರು ಇಡುವಾಗ, ಗುಡಿಸುವಾಗ ಕೈ ಒಳಗೆ ಹೋಗಲೇಬೇಕು. ಬೀದಿಯ ನಾಯಿಯು ಕಚ್ಚಿದ್ದಾದರೆ ಯಾರ ಮನೆಯ ಗೂಡಿನಲ್ಲಿಯೂ ಅದಕ್ಕೆ ಜಾಗವಿಲ್ಲ. ಆದಕಾರಣ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಊರಿನಿಂದ ಸ್ವಲ್ಪ ದೂರದಲ್ಲಿ, ಮಕ್ಕಳು ಸುಳಿಯದ ನೆರಳಿನ ಜಾಗದಲ್ಲಿ, ಇಂತಹ ಒಂದು ನಿಗಾಗೂಡನ್ನು ಕಟ್ಟಿಸಿಡುವುದು ಯೋಗ್ಯವೆಂದು ನಮ್ಮ ಅಭಿಪ್ರಾಯ. ೮ ಅಡಿ ಉದ್ದ, ೪ ಅಡಿ ಅಗಲ, ಆಳು ನಿಲ್ಲುವಷ್ಟು ಎತ್ತರವಿರಲಿ. ನಡುವೆ ಅಡ್ಡಗೋಡೆಯಿಟ್ಟು ಎರಡು ಭಾಗ ಮಾಡಿ, ಹೊರಗಿನಿಂದಲೇ ಹಗ್ಗದಲ್ಲಿ ಮೇಲಕ್ಕೆತ್ತಿ ಇಳಿಸುವ ಕದವನ್ನು ಆ ಗೋಡೆಯಲ್ಲಿ ಕೂಡಿಸಬೇಕು. ಒಂದು ಭಾಗದಲ್ಲಿ ಅನ್ನವಿಟ್ಟರೆ ನಾಯಿಯು ಅಲ್ಲಿಗೆ ಹೋಗುವುದು; ಕದವನ್ನು ಇಳಿಸಿ ಮತ್ತೊಂದನ್ನು ತೊಳೆಯಬಹುದು. ತಟ್ಟೆಯನ್ನು ತಳ್ಳುವುದಕ್ಕೆ ಸರಳಿನ ಕೆಳಗೆ ಮೂರು ಅಂಗುಲದ ಸಂದು ಬಿಟ್ಟು, ಅದಕ್ಕೊಂದು ಉದ್ದನೆಯ ಕೋಲನ್ನು ಅಲ್ಲಿಯೇ ಇಟ್ಟಿರಬೇಕು. ನೆಲವನ್ನು ಇಳಿಜಾರಾಗಿ ಗಾರೆ ಮಾಡಿಸಿ, ತೊಳೆದ ನೀರು ಕೆರೆಗೋ ಬಾವಿಗೋ ಹರಿಯದಂತೆ ಇಂಗುಗುಂಡಿಗೆ ಬಿಡಬೇಕು. ಹಿಡಿಯುವ ಕೆಲಸವನ್ನು ಪಶುವೈದ್ಯ ಇಲಾಖೆಯವರಿಗೋ ಅಭ್ಯಾಸವುಳ್ಳವರಿಗೋ ಬಿಡತಕ್ಕದ್ದು.

ನೋಡಿಕೊಳ್ಳಲು ನೇಮಿಸಿದ ಆಳಿಗೆ ರೋಗದ ಚಿಹ್ನೆಗಳು ತಿಳಿದಿರಬೇಕು. ಸಾಧುವಾಗಿದ್ದ ನಾಯಿಯು ಸಿಡುಕಾಗುವುದು, ಅಥವಾ ಸಿಡುಕಿನದು ಮಂಕಾಗಿ ಕತ್ತಲೆಯ ಮೂಲೆಯನ್ನು ಸೇರುವುದು, ಕಲ್ಲು, ಕಡ್ಡಿ, ಮಣ್ಣನ್ನು ತಿನ್ನುವುದು, ಬೊಗಳುವ ದನಿ ಒಡೆಯುವುದು, ಜೊಲ್ಲು ಸುರಿಸುವುದು, ಹಿಂಗಾಲು ಸೋಲುವುದು, ದವಡೆ ಜೋತುಬೀಳುವುದು. ಈ ಕಡೆಯ ಚಿಹ್ನೆಯೇ ಬಹಳ ಜನರನ್ನು ಅಪಾಯಕ್ಕೆ ಈಡುಮಾಡಿರುವುದು. ಬಾಯಿ ತೆರೆದುಕೊಂಡಿರುವ ನಾಯಿಯನ್ನು ಕಂಡು ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಕೈಹಾಕಿ ನೋಡುವವರಿದ್ದಾರೆ. ಅವರು ಕಚ್ಚಿಸಿಕೊಳ್ಳಬೇಕಾದದ್ದೂ ಇಲ್ಲ, ಕೈಯ ಗೀರಿಗೆ ಜೊಲ್ಲು ತಾಕಿದರೆ ಸಾಕು. ಮತ್ತೊಂದು ತಪ್ಪು ತಿಳಿವಳಿಕೆ ನೀರಿನದು. ನೀರನ್ನು ಕಂಡು ಹೆದರುವುದು ಈ ರೋಗ ಬಂದ ಮನುಷ್ಯನ ಲಕ್ಷಣ. ಹುಚ್ಚುಹಿಡಿದ ನಾಯಿಯು ನೀರಿಗೆ ಹೆದರುವುದಿಲ್ಲ, ನುಂಗಲಾರದಿದ್ದರೂ ನೀರಿಗೆ ಮೂತಿಯಿಡುವುದು. ನೀರು ಕುಡಿಯಿತು, ಆದ್ದರಿಂದ ಹುಚ್ಚಿಲ್ಲ ಎಂದು ತೀರ್ಮಾನಿಸಿ ಬಾಗಿಲನ್ನು ತೆರೆಯಕೂಡದು.

ಸಾಕುನಾಯಿಗೆ ಮೂರು ತಿಂಗಳು ತುಂಬಿದ ಮೇಲೆ ಚುಚ್ಚುಮದ್ದನ್ನು ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ಮತ್ತೊಮ್ಮೆ, ತರುವಾಯ ವರ್ಷಕ್ಕೊಮ್ಮೆ ಹಾಕಿಸುತ್ತಿದ್ದರೆ ಈ ನಿಗಾಗೂಡು ಬಹುಕಾಲ ಖಾಲಿಯಾಗಿಯೇ ಇರುವುದು. ಚುಚ್ಚುಮದ್ದು ಹಾಕಿಸಿದ ಚೀಟಿಯನ್ನು ಜಮೀನಿನ ಕಾಗದಪತ್ರಗಳ ಜೊತೆಯಲ್ಲಿ ಜೋಪಾನವಾಗಿಡಬೇಕು. ಕಚ್ಚಿದ ದಿವಸ ವೈದ್ಯರು ಮೊದಲು ಕೇಳುವುದು ಅದನ್ನೇ. ಬೀದಿನಾಯಿಗಳ ವಿಷಯದಲ್ಲಿ ವಿಷವಿಟ್ಟು ಕೊಲ್ಲಿಸುವುದು ಹಿಂದೆ ನಡೆಯುತ್ತಿದ್ದಿರಬಹುದು. ಈಗ ಹಾಗೆ ಮಾಡಿಸಿದವರು ಅಪರಾಧಕ್ಕೆ ಗುರಿಯಾಗುವರು. ಅವುಗಳಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿ ಚುಚ್ಚುಮದ್ದು ಹಾಕಿಸುವ ಕ್ರಮವನ್ನು ೨೦೨೩ನೆಯ ಇಸವಿಯ ನಿಯಮಗಳಲ್ಲಿ ವಿಧಿಸಿದೆ. ಅದು ಸ್ಥಳೀಯ ಸಂಸ್ಥೆಗಳ ಕೆಲಸ.

ಗೂಡಿನಲ್ಲಿಟ್ಟ ನಾಯಿಯು ಹತ್ತು ದಿವಸದೊಳಗೆ ಸತ್ತರೆ ಕಚ್ಚಿಸಿಕೊಂಡವರಿಗೂ ಆಸ್ಪತ್ರೆಯವರಿಗೂ ಆ ಕ್ಷಣವೇ ತಿಳಿಸಬೇಕು. ಹೆಣವನ್ನು ಬರಿಗೈಯಿಂದ ಮುಟ್ಟದೆ ಪಶುವೈದ್ಯರನ್ನು ಕರೆಸಿದರೆ, ಅವರು ಮೆದುಳಿನ ಮಾದರಿಯನ್ನು ತೆಗೆದು ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿರುವ ರೇಬೀಸ್ ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸುವ ಏರ್ಪಾಡು ಮಾಡಬಲ್ಲರು. ಆಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹುಲ್ಲು ಗೋಣಿಗಳನ್ನು ಸುಟ್ಟು, ಗೂಡನ್ನು ಸಾಬೂನಿನ ನೀರಿನಿಂದಲೂ ಬ್ಲೀಚಿಂಗ್ ಪುಡಿಯ ನೀರಿನಿಂದಲೂ ತೊಳೆದು, ಬಾಗಿಲು ತೆರೆದು ಎರಡು ದಿವಸ ಚೆನ್ನಾಗಿ ಒಣಗಿಸಿದ ತರುವಾಯವೇ ಬೇರೊಂದು ನಾಯಿಯನ್ನು ಒಳಗೆ ಬಿಡತಕ್ಕದ್ದು.